ಇಂಟರ್ನೆಟ್ ವೇಗ ಮೂರು ಪಟ್ಟಾದರೂ ಆಟದಲ್ಲಿ ಲ್ಯಾಗ್ ಏಕೆ ಹೋಗುತ್ತಿಲ್ಲ?

ಸಂಜೆಯಾಟಗಾರ

ಮೂರು ತಿಂಗಳ ಹಿಂದಿನವರೆಗೆ ನಮ್ಮ ಮನೆಯಲ್ಲಿ 100 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿತ್ತು. ಸಂಜೆ ಏಳರ ನಂತರ ಶೂಟಿಂಗ್ ಆಟ ಆಡಲು ಕುಳಿತರೆ, ಬಲಗಡೆ ಕಂಡ ಎದುರಾಳಿ ನಾನು ಗುರಿ ಹಿಡಿಯುವಷ್ಟರಲ್ಲಿ ಎಡಗಡೆ ಇರುತ್ತಿದ್ದ. ಗೋಡೆಯ ಮರೆಗೆ ಪೂರ್ತಿ ಸರಿದ ಮೇಲೂ ಗುಂಡು ತಗುಲಿ ಸಾಯುವುದು ಮಾಮೂಲಾಗಿತ್ತು. ಸಂಪರ್ಕ ಕೊಟ್ಟ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿದಾಗ, ಆನ್‌ಲೈನ್ ಆಟಕ್ಕೆ 100 ಸಾಲುವುದಿಲ್ಲ, 300ರ ಪ್ಲ್ಯಾನ್‌ಗೆ ಬದಲಾಯಿಸಿಕೊಳ್ಳಿ ಎಂದರು. ಬದಲಾಯಿಸಿಕೊಂಡೆ. ಈಗ ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 290ರ ಆಸುಪಾಸು, ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) 9 ಮಿಲಿಸೆಕೆಂಡ್ ಎಂದು ತೋರಿಸುತ್ತದೆ. ಅಪ್‌ಲೋಡ್ ಮಾತ್ರ ಹಳೆಯ ಪ್ಲ್ಯಾನ್‌ನಲ್ಲಿದ್ದಂತೆ 30ರಲ್ಲೇ ಇದೆ. ನಾನು ವಿಡಿಯೋ ಹಾಕುವವನಲ್ಲವಾದ್ದರಿಂದ ಅದರ ಕಡೆ ಗಮನ ಕೊಡಲಿಲ್ಲ. ಇಷ್ಟಾದರೂ ಸಂಜೆಯ ಕಥೆ ಬದಲಾಗಿಲ್ಲ. ಆಟದೊಳಗಿನ ಪಿಂಗ್ 25ರಲ್ಲಿ ನೆಟ್ಟಗಿದ್ದದ್ದು ಇದ್ದಕ್ಕಿದ್ದಂತೆ 200 ದಾಟಿ, ಹತ್ತು ಹದಿನೈದು ನಿಮಿಷ ಹಾಗೆಯೇ ಕುಣಿದು ಮತ್ತೆ ಇಳಿಯುತ್ತದೆ. ಬೆಳಿಗ್ಗೆ ಆಡಿದರೆ ಈ ತೊಂದರೆ ಇರುವುದೇ ಇಲ್ಲ.

ರೌಟರ್ ಕೆಳಗಿನ ಹಜಾರದಲ್ಲಿದೆ, ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ, ವೈ-ಫೈಯಲ್ಲೇ ಆಡುತ್ತೇನೆ. ಮಳಿಗೆಯವರು ಎಂಟು ಆಂಟೆನಾಗಳಿರುವ ಗೇಮಿಂಗ್ ರೌಟರ್ ಕೊಳ್ಳಲು ಹೇಳುತ್ತಿದ್ದಾರೆ. ನನ್ನ ತಮ್ಮ ಗ್ರಾಫಿಕ್ಸ್ ಕಾರ್ಡ್ ಹಳೆಯದಾಗಿದೆ, ದೋಷವೆಲ್ಲ ಅದರದ್ದೇ ಎನ್ನುತ್ತಾನೆ. ಗೆಳೆಯನೊಬ್ಬ ಕಂಪನಿಯನ್ನೇ ಬದಲಿಸು ಎನ್ನುತ್ತಾನೆ. ಮೂರಕ್ಕೂ ಆಗುವಷ್ಟು ದುಡ್ಡು ನನ್ನಲ್ಲಿಲ್ಲ, ಇನ್ನೊಮ್ಮೆ ತಪ್ಪು ಕಡೆ ಸುರಿಯಲು ಮನಸ್ಸೂ ಇಲ್ಲ. ಯಾವುದರಿಂದ ಆರಂಭಿಸಲಿ?

ತಂತಿವಾದಿ

ಯಾವುದರಿಂದಲೂ ಬೇಡ. ಮೊದಲು ರೌಟರ್‌ನಿಂದ ಕಂಪ್ಯೂಟರ್‌ವರೆಗೆ ಒಂದು ಕೇಬಲ್ ಎಳೆಯಿರಿ, ಉಳಿದ ಮಾತು ಆಮೇಲೆ ಆಡೋಣ.

ವೈ-ಫೈಯಲ್ಲಿ ಒಂದು ಚಾನೆಲ್‌ನ ಗಾಳಿಯನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು, ಒಂದು ಹೊತ್ತಿಗೆ ಒಂದು ಸಾಧನವಷ್ಟೇ ಮಾತಾಡಬೇಕು. ಮಾತಾಡುವ ಮೊದಲು ಗಾಳಿ ಖಾಲಿ ಇದೆಯೇ ಎಂದು ಕಿವಿಗೊಟ್ಟು ಕಾಯಬೇಕು, ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲ್‌ಗಳು ಸಾಮಾನ್ಯವಾಗಿ 1, 6, 11 ಎಂಬ ಮೂರೇ ಮೂರು. ಸಂಜೆ ಅಕ್ಕಪಕ್ಕದ ಮನೆಗಳವರೆಲ್ಲ ಅದರಲ್ಲೇ ತುಂಬಿಕೊಳ್ಳುತ್ತಾರೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಸಿನಿಮಾ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ಹಲವು ಸೆಕೆಂಡುಗಳ ದೃಶ್ಯ ಆಗಲೇ ಬಂದು ಕುಳಿತಿರುತ್ತದೆ. ಆಟಕ್ಕೆ ಅಂಥ ದಾಸ್ತಾನು ಇಟ್ಟುಕೊಳ್ಳುವ ಅವಕಾಶವಿಲ್ಲ: ಕೌಂಟರ್-ಸ್ಟ್ರೈಕ್ 2ರ ಸರ್ವರ್ ಸೆಕೆಂಡಿಗೆ 64 ಬಾರಿ, ವ್ಯಾಲರಂಟ್‌ನದು 128 ಬಾರಿ ಆಟದ ಲೆಕ್ಕ ಹಾಕುತ್ತದೆ, ಅಂದರೆ ಅಲ್ಲಿ ನಡೆಯುವುದೆಲ್ಲ 16 ಅಥವಾ 8 ಮಿಲಿಸೆಕೆಂಡಿನ ವ್ಯವಹಾರ.

ಕೇಬಲ್ ಕೊಳ್ಳುವಾಗ ಹೆಣಿಗೆ ಹೊದಿಕೆಯ, ಗೇಮಿಂಗ್ ಎಂದು ಬರೆದಿರುವ ಕ್ಯಾಟ್ 8 ಕೇಬಲ್‌ಗೆ ಮರುಳಾಗಬೇಡಿ. ಅದು ಡೇಟಾ ಸೆಂಟರ್‌ಗಳಲ್ಲಿ 30 ಮೀಟರ್‌ನೊಳಗಿನ ಸಂಪರ್ಕಕ್ಕೆಂದು ಮಾಡಿದ್ದು. ಒಂದು ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಒಯ್ಯಲು ಸಾಧಾರಣ ಕ್ಯಾಟ್ 5ಇ ಸಾಕು. ತುದಿಗೆ ಕನೆಕ್ಟರ್ ಹಾಕುವಾಗ ಎಂಟು ಎಳೆಗಳೂ ಕೊನೆಯವರೆಗೆ ತಲುಪಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ನಾನು ಮೊದಲ ಸಲ ಹಾಕಿದಾಗ ಕಂದು ಬಣ್ಣದ ಎಳೆಯೊಂದು ಹಿಂದೆ ಉಳಿದಿತ್ತು. 100 ಎಂಬಿಪಿಎಸ್‌ಗೆ ನಾಲ್ಕೇ ಎಳೆಗಳು ಸಾಕಾಗುವುದರಿಂದ ಸಂಪರ್ಕವೇನೋ ಬಂತು, ಆದರೆ ಗಿಗಾಬಿಟ್ ಬರದೆ ಆರು ತಿಂಗಳು ಕಂಪನಿಯವರನ್ನು ಬೈದುಕೊಂಡಿದ್ದೆ.

ಸರದಿಸಾಲು

ತಂತಿವಾದಿಯವರ ಸಲಹೆ ತಪ್ಪಲ್ಲ, ಆದರೆ ಪ್ರಶ್ನೆಯಲ್ಲಿರುವ ಎರಡು ವಿವರಗಳನ್ನು ಅವರು ದಾಟಿ ಹೋಗಿದ್ದಾರೆ ಎಂದು ನನಗೆ ಅನಿಸುತ್ತದೆ. ಒಂದು, ತೊಂದರೆ ಬಂದರೆ ಹತ್ತು ಹದಿನೈದು ನಿಮಿಷ ಒಂದೇ ಸಮನೆ ಇರುತ್ತದೆ. ವೈ-ಫೈಯ ಅಡಚಣೆ ಸಾಮಾನ್ಯವಾಗಿ ಬಿಟ್ಟು ಬಿಟ್ಟು ಚುಚ್ಚುತ್ತದೆಯೇ ಹೊರತು ಹೀಗೆ ಬೀಡುಬಿಟ್ಟು ಕೂರುವುದಿಲ್ಲ. ಎರಡು, ಡೌನ್‌ಲೋಡ್ ಮೂರು ಪಟ್ಟಾಯಿತು, ಅಪ್‌ಲೋಡ್ ಇದ್ದಲ್ಲೇ ಇತ್ತು, ಲ್ಯಾಗ್ ಕೂಡ ಇದ್ದಲ್ಲೇ ಇತ್ತು.

ಎಂಬಿಪಿಎಸ್ ಎನ್ನುವುದು ಒಂದು ಸೆಕೆಂಡಿನಲ್ಲಿ ಎಷ್ಟು ಡೇಟಾ ಸಾಗುತ್ತದೆ ಎಂಬ ಲೆಕ್ಕ. ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಣುಕು, ಹೋಗಿ ಉತ್ತರ ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಬೇರೆಯದೇ ಲೆಕ್ಕ. ಆಟಕ್ಕೆ ಬೇಕಾಗುವ ಡೇಟಾ ಒಂದು ಎಂಬಿಪಿಎಸ್‌ಗಿಂತಲೂ ಎಷ್ಟೋ ಕಡಿಮೆ ಇರುವುದರಿಂದ, 100 ಸಾಲುವುದಿಲ್ಲ ಎಂದ ಗ್ರಾಹಕ ಸೇವೆಯವರ ಮಾತಿಗೆ ಆಧಾರವಿಲ್ಲ. ಆದರೆ ಮನೆಯಲ್ಲಿ ಬೇರೆ ಯಾರಾದರೂ ಅದೇ ಹೊತ್ತಿಗೆ ದೊಡ್ಡ ಕಡತವೊಂದನ್ನು ಮೇಲಕ್ಕೆ ಕಳುಹಿಸುತ್ತಿದ್ದರೆ, 30 ಎಂಬಿಪಿಎಸ್‌ನ ಬಾಗಿಲು ತುಂಬಿ, ದಾಟಲಾಗದ ಪ್ಯಾಕೆಟ್‌ಗಳು ರೌಟರ್‌ನ ಅಥವಾ ಮೋಡೆಮ್‌ನ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಸಾಲುಗಟ್ಟಿ ನಿಲ್ಲುತ್ತವೆ. ಆ ಬಫರ್ ಒಂದು ಮೆಗಾಬೈಟ್ ಇದೆ ಎಂದಿಟ್ಟುಕೊಳ್ಳಿ. ಒಂದು ಮೆಗಾಬೈಟ್ ಎಂದರೆ 8 ಮೆಗಾಬಿಟ್. ಅದನ್ನು 30ರ ವೇಗದಲ್ಲಿ ಖಾಲಿ ಮಾಡಲು ಸುಮಾರು 267 ಮಿಲಿಸೆಕೆಂಡ್ ಬೇಕು. ನೀವು ಗುಂಡು ಹಾರಿಸಿದ ಸುದ್ದಿ ಹೊತ್ತ ಪುಟ್ಟ ಪ್ಯಾಕೆಟ್, ಒಂದೊಂದೂ 1,500 ಬೈಟ್ ಇರುವ ಸುಮಾರು 670 ಪ್ಯಾಕೆಟ್‌ಗಳ ಹಿಂದೆ ಕೊನೆಯವನಾಗಿ ನಿಂತಿರುತ್ತದೆ. ನಿಮ್ಮ ಪಿಂಗ್ 25ರಿಂದ 200ರ ಮೇಲಕ್ಕೆ ಏರಿದ್ದಕ್ಕೂ ಈ ಲೆಕ್ಕಕ್ಕೂ ಎಷ್ಟು ಹತ್ತಿರದ ಹೊಂದಿಕೆ ಇದೆ ನೋಡಿ. ಸ್ಪೀಡ್ ಟೆಸ್ಟ್ ತೋರಿಸುವ 9 ಎಂಬ ಪಿಂಗ್ ಸಾಲಿನಲ್ಲಿ ಯಾರೂ ಇಲ್ಲದಿದ್ದಾಗ ಅಳೆದದ್ದು, ಅದನ್ನು ನಂಬಿ ಪ್ರಯೋಜನವಿಲ್ಲ.

ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರಿದೆ. ಜಿಮ್ ಗೆಟಿಸ್ ಎಂಬ ತಂತ್ರಜ್ಞರು 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಎದುರಿಸಿ, ಅಳೆದು, ಈ ಹೆಸರನ್ನು ಚಾಲ್ತಿಗೆ ತಂದರು. ಮೆಮೊರಿ ಅಗ್ಗವಾದಂತೆ ತಯಾರಕರು ಒಂದು ಪ್ಯಾಕೆಟ್ ಕೂಡ ಕಳೆದುಹೋಗಬಾರದೆಂಬ ಹಟದಿಂದ ಬಫರ್‌ಗಳನ್ನು ಹಿಗ್ಗಿಸುತ್ತಾ ಹೋದರು. ಆದರೆ ಡೇಟಾ ಕಳುಹಿಸುವ ಸಾಂಪ್ರದಾಯಿಕ ಟಿಸಿಪಿ ವ್ಯವಸ್ಥೆಗೆ ದಾರಿ ತುಂಬಿದೆ ಎಂದು ತಿಳಿಯುವುದೇ ಪ್ಯಾಕೆಟ್ ಕಳೆದುಹೋದಾಗ. ದೊಡ್ಡ ಬಫರ್ ಏನನ್ನೂ ಕಳೆಯದೆ ನುಂಗಿಟ್ಟುಕೊಂಡರೆ ಕಳುಹಿಸುವವನು ವೇಗ ತಗ್ಗಿಸುವುದೇ ಇಲ್ಲ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಅವರು ಕೊಡೆಲ್ ಎಂಬ ಪರಿಹಾರ ಕೊಟ್ಟರು. ಅದು ಸಾಲು ಎಷ್ಟು ಉದ್ದವಿದೆ ಎಂದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ನಿಂತಿತ್ತು ಎಂದು ನೋಡುತ್ತದೆ. ಕಾಯುವ ಅವಧಿ 5 ಮಿಲಿಸೆಕೆಂಡಿಗಿಂತ ಮೇಲೆಯೇ ಇದ್ದು 100 ಮಿಲಿಸೆಕೆಂಡ್ ಕಳೆದರೆ ಒಂದೊಂದಾಗಿ ಪ್ಯಾಕೆಟ್ ಬೀಳಿಸಲು ತೊಡಗುತ್ತದೆ. ಇದರ ಮುಂದುವರಿಕೆಯಾದ ಎಫ್‌ಕ್ಯೂ-ಕೊಡೆಲ್ ಪ್ರತಿಯೊಂದು ಹರಿವಿಗೂ ಬೇರೆ ಬೇರೆ ಸಾಲು ಮಾಡಿ ಸರದಿಯ ಮೇಲೆ ಬಿಡುತ್ತದೆ, ಹೀಗಾಗಿ ಆಟದ ಪ್ಯಾಕೆಟ್ ದೊಡ್ಡ ಕಡತದ ಹಿಂದೆ ಸಿಕ್ಕಿಕೊಳ್ಳುವುದಿಲ್ಲ. 2018ರಲ್ಲಿ ಅದು ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಅದೇ ವರ್ಷ ಕೇಕ್ ಎಂಬ ಇನ್ನೊಂದು ರೂಪ ಲಿನಕ್ಸ್ ಕರ್ನಲ್ 4.19ರೊಳಗೆ ಸೇರಿತು.

ನನ್ನ ಊಹೆಯನ್ನು ನಂಬಬೇಡಿ, ಅಳೆಯಿರಿ. ಕಂಪ್ಯೂಟರ್‌ನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ನಿಮ್ಮ ರೌಟರ್‌ನ ವಿಳಾಸಕ್ಕೆ, ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಇರುತ್ತದೆ, ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ ವಿಳಾಸವಾದ 1.1.1.1ಕ್ಕೆ ನಿಲ್ಲಿಸದೆ ಪಿಂಗ್ ಮಾಡುತ್ತಾ ಇರಿ. ಎರಡು ನಿಮಿಷ ಸುಮ್ಮನೆ ನೋಡಿ. ಬಳಿಕ ಫೋನ್‌ನಿಂದ ದೊಡ್ಡದೊಂದು ವಿಡಿಯೋವನ್ನು ಕ್ಲೌಡ್‌ಗೆ ಏರಿಸಲು ಹಚ್ಚಿ. ರೌಟರ್‌ನ ಪಿಂಗ್ ಹಾರಾಡಿದರೆ ತಪ್ಪು ವೈ-ಫೈಯದ್ದು. ರೌಟರ್‌ನದು ಶಾಂತವಾಗಿದ್ದು ಹೊರಗಿನದು ಮಾತ್ರ ಏರಿದರೆ ತಪ್ಪು ಸಾಲಿನದು. ಏರಿಸುವುದಕ್ಕೂ ಮುಂಚೆಯೇ, ಮನೆಯಲ್ಲಿ ಎಲ್ಲರೂ ಸುಮ್ಮನಿದ್ದಾಗಲೂ ಹೊರಗಿನದು ಕೆಟ್ಟಿದ್ದರೆ ಆಗ ಕಂಪನಿಯನ್ನು ಬದಲಿಸುವ ಮಾತನ್ನು ಆಡಬಹುದು.

ಫ್ರೇಮ್‌ಲೆಕ್ಕಿಗ

ತಮ್ಮನ ಪರವಾಗಿಯೂ ಎರಡು ಮಾತು ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ಲ್ಯಾಗ್ ಎಂಬ ಒಂದೇ ಪದ ಎರಡು ರೋಗಗಳ ಹೆಸರಾಗಿ ಓಡಾಡುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸರಾಸರಿ 140 ಫ್ರೇಮ್ ಕೊಡುತ್ತಿದ್ದರೂ, ನಡುವೆ ಒಂದೇ ಒಂದು ಫ್ರೇಮ್ ಸಿದ್ಧವಾಗಲು 60 ಮಿಲಿಸೆಕೆಂಡ್ ಹಿಡಿದರೆ ಕಣ್ಣು ಅದನ್ನು ಹಿಡಿದೇಬಿಡುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ, ಇಲ್ಲವೇ ಆಟ ಹೊಸ ಶೇಡರ್‌ಗಳನ್ನು (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಅಲ್ಲೇ ನಿಂತು ಸಿದ್ಧಪಡಿಸುವಾಗ ಹೀಗಾಗುತ್ತದೆ, ಸರಾಸರಿ ಅಂಕಿಯಲ್ಲಿ ಅದು ಕಾಣಿಸುವುದಿಲ್ಲ.

ಇವೆರಡನ್ನು ಬೇರ್ಪಡಿಸಲು ಯಾವ ಉಪಕರಣವೂ ಬೇಡ. ತೊಂದರೆ ನಡೆಯುತ್ತಿರುವಾಗ ಮೌಸ್ ಹಿಡಿದು ಸುತ್ತಲೂ ತಿರುಗಿ ನೋಡಿ. ನಿಮ್ಮ ನೋಟ ನುಣುಪಾಗಿ ತಿರುಗುತ್ತಿದ್ದು ಎದುರಾಳಿಗಳು ಮಾತ್ರ ನೆಗೆಯುತ್ತಿದ್ದರೆ ಅದು ಸಂಪರ್ಕದ ತೊಂದರೆ, ಏಕೆಂದರೆ ತಿರುಗುವುದನ್ನು ನಿಮ್ಮ ಕಂಪ್ಯೂಟರ್ ಯಾರನ್ನೂ ಕೇಳದೆ ತಾನೇ ಮಾಡುತ್ತದೆ. ನೋಟವೂ ಸೇರಿ ಇಡೀ ಪರದೆ ತಡವರಿಸಿದರೆ ಅದು ಯಂತ್ರದ ತೊಂದರೆ. ನಿಮ್ಮ ವಿವರಣೆಯಲ್ಲಿ ನೆಗೆಯುತ್ತಿರುವವನು ಎದುರಾಳಿ, ಆದ್ದರಿಂದ ಕಾರ್ಡಿಗೆ ಈಗ ದುಡ್ಡು ಹಾಕಬೇಡಿ. ಮಾನಿಟರ್ ಇನ್ನೂ 60 ಹರ್ಟ್ಸ್‌ನದಾಗಿದ್ದರೆ ಅದು ಬೇರೆ ಚರ್ಚೆ. ಅಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144 ಹರ್ಟ್ಸ್‌ನಲ್ಲಿ 6.9.

ಗೋಡೆಯ ಮರೆಗೆ ಸರಿದ ಮೇಲೆ ಸಾಯುವುದರ ಬಗ್ಗೆ ಒಂದು ಎಚ್ಚರಿಕೆ: ಅದು ಪೂರ್ತಿಯಾಗಿ ಎಂದೂ ಹೋಗುವುದಿಲ್ಲ. ಇಂಥ ಆಟಗಳಲ್ಲಿ ಹಲವುದರ ಸರ್ವರ್, ಗುಂಡು ಹಾರಿಸಿದವನ ಪರದೆಯಲ್ಲಿ ಆ ಕ್ಷಣ ಏನು ಕಾಣುತ್ತಿತ್ತೋ ಅಲ್ಲಿಗೆ ಕಾಲವನ್ನು ಹಿಂದಕ್ಕೆ ಸರಿಸಿ ತೀರ್ಪು ಕೊಡುತ್ತದೆ. ಅವನ ಪರದೆಯಲ್ಲಿ ನೀವು ಇನ್ನೂ ಹೊರಗಿದ್ದಿರಿ. ಆ ಅನ್ಯಾಯದಲ್ಲಿ ಅವನ ಪಿಂಗ್‌ಗೂ ಪಾಲಿದೆ, ಅದನ್ನು ನೀವು ರಿಪೇರಿ ಮಾಡಲಾರಿರಿ.

ಎಂಟುಕೊಂಬು

ಗೇಮಿಂಗ್ ರೌಟರ್ ಎಂದ ಕೂಡಲೇ ಎಲ್ಲರೂ ಮೂಗು ಮುರಿಯುವುದು ಫ್ಯಾಷನ್ ಆಗಿದೆ. ನಾನು ಕಳೆದ ವರ್ಷ ಅಂಥದ್ದೊಂದನ್ನು ತಂದೆ, ಅಂದಿನಿಂದ ಲ್ಯಾಗ್ ಮಾಯವಾಗಿದೆ. ಅನುಭವಕ್ಕಿಂತ ದೊಡ್ಡ ಪುರಾವೆ ಯಾವುದಿದೆ? ಪ್ರಶ್ನೆ ಕೇಳಿದವರಿಗೆ ಕಮಾಂಡ್ ಕಿಟಕಿ ತೆರೆಯುವ ಕೆಲಸ ಹಚ್ಚುವ ಬದಲು ಒಳ್ಳೆಯ ಪೆಟ್ಟಿಗೆಯೊಂದನ್ನು ಸೂಚಿಸಿದರೆ ಉಪಕಾರವಾದೀತು.

ಸರದಿಸಾಲು

ಎಂಟುಕೊಂಬು ಅವರೇ, ನಿಮ್ಮ ಲ್ಯಾಗ್ ಹೋಗಿದೆ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಯಾವ ಕಾರಣಕ್ಕೆ ಹೋಯಿತು ಎಂಬುದಷ್ಟೇ ನನ್ನ ತಕರಾರು. ಹೊಸ ಪೆಟ್ಟಿಗೆಯ ರೇಡಿಯೋ ಹಳೆಯದಕ್ಕಿಂತ ಉತ್ತಮವಾಗಿದ್ದಿರಬಹುದು, ಅದನ್ನು ಇಡುವಾಗ ಟಿವಿಯ ಹಿಂದಿನಿಂದ ತೆಗೆದು ತೆರೆದ ಜಾಗದಲ್ಲಿ ಇಟ್ಟಿರಬಹುದು, ಇಲ್ಲವೇ ಅದರಲ್ಲಿ ಸಾಲು ನಿಭಾಯಿಸುವ ಸೌಲಭ್ಯ ಇದ್ದಿರಬಹುದು. ಇವುಗಳಲ್ಲಿ ಯಾವುದಕ್ಕೂ ಕೆಂಪು ದೀಪವಾಗಲಿ ಎಂಟು ಕೊಂಬುಗಳಾಗಲಿ ಕಾರಣವಲ್ಲ. ಆಟಕ್ಕೆ ಆದ್ಯತೆ ಎಂಬ ಗುಂಡಿ ಒತ್ತಿದಾಗಲೂ, ಸಾಲು ಅದೇ ಪೆಟ್ಟಿಗೆಯಲ್ಲಿ ನಿಂತಿದ್ದರೆ ಮಾತ್ರ ಫಲವುಂಟು. ಸಾಲು ಮುಂದಿನ ಮೋಡೆಮ್‌ನಲ್ಲಿ ನಿಂತಿದ್ದರೆ ರೌಟರ್ ಯಾರನ್ನು ಮುಂದೆ ಬಿಟ್ಟರೂ ಮೋಡೆಮ್ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಆದ್ದರಿಂದಲೇ ವೇಗವನ್ನು ನಿಜವಾದ ಮಿತಿಗಿಂತ ತುಸು ಕೆಳಗೆ ಕಟ್ಟಿಹಾಕಿ, ಸಾಲನ್ನು ನಮ್ಮ ಕೈಯಲ್ಲಿರುವ ಪೆಟ್ಟಿಗೆಗೆ ಎಳೆದುಕೊಳ್ಳಬೇಕಾಗುತ್ತದೆ.

ಸಂಜೆಯಾಟಗಾರ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಹೇಳಿದಂತೆಯೇ ಅಳೆದೆ. ಮೊದಲು ಮೌಸ್ ತಿರುಗಿಸುವ ಪರೀಕ್ಷೆ: ನೋಟ ಬೆಣ್ಣೆಯಂತೆ ತಿರುಗುತ್ತದೆ, ನೆಗೆಯುವವರು ಎದುರಾಳಿಗಳು ಮಾತ್ರ. ತಮ್ಮನಿಗೆ ತೋರಿಸಿದೆ, ಅವನು ಒಪ್ಪಿಕೊಳ್ಳಲಿಲ್ಲ, ಎದ್ದು ಹೋದ.

ಏನೂ ನಡೆಯದಿದ್ದಾಗ ರೌಟರ್‌ಗೆ 3ರಿಂದ 5, ಹೊರಗೆ 11ರಿಂದ 13 ಮಿಲಿಸೆಕೆಂಡ್ ಇತ್ತು. ಆದರೆ ಅರ್ಧ ನಿಮಿಷಕ್ಕೊಮ್ಮೆ ಎಂಬಂತೆ ಎರಡೂ ಕಿಟಕಿಗಳಲ್ಲಿ ಒಂದೊಂದು 60, 90 ಬಂದು ಹೋಗುತ್ತಿತ್ತು. ಇದು ತಂತಿವಾದಿಯವರ ಲೆಕ್ಕಕ್ಕೆ ಸೇರಬೇಕೆಂದು ತೋರುತ್ತದೆ. ನನ್ನ ಫೋನ್‌ನಿಂದ ವಿಡಿಯೋ ಏರಿಸಲು ಶುರು ಮಾಡುವ ಮೊದಲೇ, ಏಳೂ ಹತ್ತರ ಹೊತ್ತಿಗೆ, ಹೊರಗಿನ ಕಿಟಕಿಯ ಅಂಕಿಗಳು 40, 110, 190 ಎಂದು ಮೆಟ್ಟಿಲು ಹತ್ತಿದಂತೆ ಹತ್ತಿ 240ರಲ್ಲಿ ನಿಂತವು. ರೌಟರ್‌ನ ಕಿಟಕಿಯಲ್ಲಿ ಮಾತ್ರ ಅದೇ 5, 6. ಹಾಗಾದರೆ ಏರಿಸುತ್ತಿರುವವರು ಯಾರು ಎಂದು ಕೆಳಗಿಳಿದು ನೋಡಿದೆ. ಅಕ್ಕ ಕೆಲಸದಿಂದ ಬಂದು ಫೋನ್ ಚಾರ್ಜಿಗೆ ಹಾಕಿದ್ದಳು. ಚಾರ್ಜ್ ಮತ್ತು ವೈ-ಫೈ ಎರಡೂ ಇರುವಾಗ ಮಾತ್ರ ಫೋಟೋಗಳನ್ನೂ ವಿಡಿಯೋಗಳನ್ನೂ ಬ್ಯಾಕಪ್ ಮಾಡಬೇಕೆಂದು ಅವಳೇ ಎಂದೋ ಹೊಂದಿಸಿದ್ದಳಂತೆ. ಚಾರ್ಜರ್ ಕಿತ್ತೆ. ಮೇಲೆ ಬರುವಷ್ಟರಲ್ಲಿ ಅಂಕಿ 12ಕ್ಕೆ ಇಳಿದಿತ್ತು.

ಈಗ ಎರಡು ಪ್ರಶ್ನೆಗಳು ಉಳಿದಿವೆ. ದಿನವೂ ಚಾರ್ಜರ್ ಕೀಳಲಾಗುವುದಿಲ್ಲ, ಅವಳ ಕೋಪ ನಿಮಗೆ ಗೊತ್ತಿಲ್ಲ. ಹಾಗಿದ್ದರೆ ರೌಟರ್‌ನಲ್ಲಿ ಏನು ಹೊಂದಿಸಬೇಕು? 300ರ ಪ್ಲ್ಯಾನ್ ಪೂರ್ತಿ ದಂಡವೇ?

ಸರದಿಸಾಲು

ನಿಮ್ಮ ಅಂಕಿಗಳು ನಾನು ಇಷ್ಟು ದಿನದಲ್ಲಿ ನೋಡಿರುವ ಅತ್ಯಂತ ಶುದ್ಧವಾದ ಬಫರ್‌ಬ್ಲೋಟ್. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 100 ಗಿಗಾಬೈಟ್‌ನ ಆಟವೊಂದನ್ನು ಇಳಿಸಿಕೊಳ್ಳಲು 100 ಎಂಬಿಪಿಎಸ್‌ನಲ್ಲಿ ಎರಡು ಗಂಟೆ ಹದಿಮೂರು ನಿಮಿಷ ಬೇಕಾದರೆ, 300ರಲ್ಲಿ ಮುಕ್ಕಾಲು ಗಂಟೆಗೂ ತುಸು ಕಡಿಮೆ ಸಾಕು. ನೀವು ಕೊಂಡಿರುವುದು ಆ ಕಾಯುವಿಕೆಯ ಉಳಿತಾಯವನ್ನು. ಅದು ನಿಮಗೆ ಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ. ಲ್ಯಾಗ್‌ಗೂ ಅದಕ್ಕೂ ಸಂಬಂಧವಿಲ್ಲ.

ರೌಟರ್‌ನ ಸೆಟ್ಟಿಂಗ್‌ಗಳಲ್ಲಿ ಎಸ್‌ಕ್ಯೂಎಂ (ಸಾಲು ನಿಭಾಯಿಸುವ ಸೌಲಭ್ಯದ ಹೆಸರು), ಎಫ್‌ಕ್ಯೂ-ಕೊಡೆಲ್ ಅಥವಾ ಕೇಕ್ ಎಂಬ ಪದಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ಅಪ್‌ಲೋಡ್ ಮಿತಿಯನ್ನು 30ರ ಬದಲು 27ಕ್ಕೆ ಹೊಂದಿಸಿ ಅಳೆಯಿರಿ, ಸಾಲದಿದ್ದರೆ ಇನ್ನೊಂದೊಂದೇ ಇಳಿಸಿ. ಡೌನ್‌ಲೋಡ್ ಕಡೆಯನ್ನು ಸದ್ಯಕ್ಕೆ ಮುಟ್ಟಬೇಡಿ. 300ರ ವೇಗದಲ್ಲಿ ಪ್ರತಿಯೊಂದು ಪ್ಯಾಕೆಟ್‌ನ ಸಾಲನ್ನೂ ನೋಡಿಕೊಳ್ಳಲು ಸಣ್ಣ ರೌಟರ್‌ಗಳ ಪ್ರೊಸೆಸರ್‌ಗೆ ತ್ರಾಣ ಸಾಲುವುದಿಲ್ಲ, ವೇಗವೇ ಅರ್ಧಕ್ಕೆ ಬಿದ್ದುಬಿಡಬಹುದು. ನಿಮ್ಮ ತೊಂದರೆ ಇರುವುದು ಮೇಲಕ್ಕೆ ಹೋಗುವ ದಾರಿಯಲ್ಲಿ ಮಾತ್ರ. ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ, ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೌಟರ್ ತಂತ್ರಾಂಶ ಹಾಕಬಹುದಾದ ಸಾಧಾರಣ ರೌಟರ್ ಒಂದನ್ನು ಅದರ ಹಿಂದೆ ಜೋಡಿಸಿ, ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವಂತೆ, ಹಾಕಿಸಿಕೊಳ್ಳಿ.

ಕಂಪನಿ ಬದಲಿಸುವ ಮಾತನ್ನು ಇನ್ನು ಬಿಟ್ಟುಬಿಡಬಹುದು. ಸುಮ್ಮನಿರುವಾಗ ನಿಮಗೆ 12 ಬರುತ್ತಿದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ, ಅಂದರೆ 1,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಅದನ್ನು ತಗ್ಗಿಸುತ್ತೇವೆಂದು ಯಾವ ಕಂಪನಿ ಹೇಳಿದರೂ ನಂಬಬೇಡಿ. ಆಟದಲ್ಲಿ ಹತ್ತಿರದ ಸರ್ವರ್ ಆರಿಸಿಕೊಂಡಿದ್ದೀರಾ ಎಂಬುದನ್ನು ಮಾತ್ರ ಒಮ್ಮೆ ನೋಡಿ.

ತಂತಿವಾದಿ

ಅರ್ಧ ನಿಮಿಷಕ್ಕೊಮ್ಮೆ ಬರುವ 60, 90ರ ಬಗ್ಗೆ ಯಾರೂ ಮಾತೆತ್ತುತ್ತಿಲ್ಲ. ಸಾಲು ಸರಿಹೋದ ಮೇಲೂ ಅವು ಇದ್ದೇ ಇರುತ್ತವೆ. ಕೇಬಲ್ ಎಳೆದಿರಾ?

ಸಂಜೆಯಾಟಗಾರ

ಭಾನುವಾರ ಎಳೆದೆ. ಹಜಾರದಿಂದ ಮೆಟ್ಟಿಲ ಅಂಚಿನಲ್ಲಿ, 22 ಮೀಟರ್, ಸಾಧಾರಣ ಕ್ಯಾಟ್ 5ಇ. ಮೊದಲ ಸಲ ಕಂಪ್ಯೂಟರ್ 100 ಎಂದೇ ತೋರಿಸಿತು; ನಿಮ್ಮ ಕಂದು ಎಳೆಯ ಕಥೆ ನೆನಪಾಗಿ ಕನೆಕ್ಟರ್ ಅನ್ನು ಬೆಳಕಿಗೆ ಹಿಡಿದರೆ ನನ್ನದು ನೀಲಿ ಎಳೆ. ತುದಿ ಕತ್ತರಿಸಿ ಮತ್ತೆ ಹಾಕಿದ ಮೇಲೆ 1,000 ಬಂತು. ರೌಟರ್‌ಗೆ ಪಿಂಗ್ ಈಗ ಒಂದಕ್ಕಿಂತ ಕಡಿಮೆ ಇದೆ, ಅರ್ಧ ಗಂಟೆ ನೋಡಿದರೂ ಒಂದು ನೆಗೆತವಿಲ್ಲ.

ಕಂಪನಿಯ ಪೆಟ್ಟಿಗೆಯಲ್ಲಿ ನೀವು ಹೇಳಿದ ಯಾವ ಪದವೂ ಇರಲಿಲ್ಲ. ಗೆಳೆಯನ ಮನೆಯಲ್ಲಿ ಮೂಲೆಗುಂಪಾಗಿದ್ದ ಹಳೆಯ ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿಕೊಂಡೆ. ಬ್ರಿಡ್ಜ್ ಮೋಡ್‌ಗೆ ಮೂರು ಬಾರಿ ಕರೆ ಮಾಡಬೇಕಾಯಿತು, ಮೊದಲ ಇಬ್ಬರು 500ರ ಪ್ಲ್ಯಾನ್ ತೆಗೆದುಕೊಳ್ಳಲು ಹೇಳಿದರು. ಅಪ್‌ಲೋಡ್ ಮಿತಿ 27ರಲ್ಲಿ ಹೊರಗಿನ ಪಿಂಗ್ 30ರವರೆಗೆ ಏರುತ್ತಿತ್ತು, 26ಕ್ಕೆ ಇಳಿಸಿದ ಮೇಲೆ ಅಕ್ಕನ ಬ್ಯಾಕಪ್ ಭರದಿಂದ ನಡೆಯುತ್ತಿರುವಾಗಲೂ 14ರಿಂದ 19ರೊಳಗೆ ಇದೆ. ಬ್ಯಾಕಪ್‌ಗೆ ಎಂದಿನಷ್ಟೇ ಹೊತ್ತು ಹಿಡಿಯುತ್ತದೆಂದು ಕಾಣುತ್ತದೆ, ಅವಳಂತೂ ಏನೂ ಹೇಳಿಲ್ಲ. ಗೋಡೆಯ ಮರೆಯಲ್ಲಿ ಸಾಯುವುದು ಮಾತ್ರ ಇನ್ನೂ ಇದೆ, ನಿನ್ನೆ ರಾತ್ರಿ ಎರಡು ಸಲ ಆಯಿತು.

ತಂತಿವಾದಿ

ಮೆಟ್ಟಿಲ ತಿರುವಿನಲ್ಲಿ ಕೇಬಲನ್ನು ಮಡಚಿ ಮೊಳೆ ಹೊಡೆಯಬೇಡಿ, ಗುಂಡಗೆ ಬಳಸಿ ಸಡಿಲವಾಗಿ ಕ್ಲಿಪ್ ಹಾಕಿ. ಓಡಾಡುವವರ ಕಾಲಿಗೆ ಸಿಕ್ಕುವ ಜಾಗವಾದರೆ ಮೇಲೊಂದು ಪ್ಲಾಸ್ಟಿಕ್ ಪಟ್ಟಿಯನ್ನೂ ಅಂಟಿಸಿಬಿಡಿ.